‘ಬನ್ನಿ’ ಎನ್ನುವುದೂ ಪಂಚಾಯಿತಿಯ ಕರ್ತವ್ಯ: ಗ್ರಾಮ ಗ್ರಂಥಾಲಯ ಮತ್ತು ಸಾರ್ವಜನಿಕ ಸಂಪರ್ಕ

ಮಾನ್ಯ ಗ್ರಾಮ ಪಂಚಾಯಿತಿ ಸದಸ್ಯರೇ,

ಈ ಪಾಠವನ್ನು ಒಂದು ಸಾಮಾನ್ಯ ಸಭೆಯ ಪ್ರಸಂಗದಿಂದ ಆರಂಭಿಸುತ್ತೇನೆ. ನಾನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿ ಕಾರ್ಯಭಾರ ವಹಿಸಿಕೊಂಡ ಹೊಸತರಲ್ಲಿ ಸದಸ್ಯರೊಬ್ಬರು ಸಭೆಯ ಮುಂದೆ ಒಂದು ವಿಷಯವನ್ನು ಮಂಡಿಸಿದರು. ಗ್ರಂಥಾಲಯದ ಕೊಠಡಿ ದಿನದ ಬಹುಪಾಲು ಖಾಲಿಯಾಗಿರುತ್ತದೆ. ಕೊಳವೆಬಾವಿಯ ಮೋಟಾರು, ಪೈಪು, ಬೀದಿದೀಪದ ಸಾಮಗ್ರಿಗಳನ್ನು ಇಡಲು ಪಂಚಾಯಿತಿಗೆ ಸ್ಥಳವಿಲ್ಲ. ಆದುದರಿಂದ ಪುಸ್ತಕಗಳನ್ನು ಎರಡು ಬೀರುಗಳಲ್ಲಿ ತುಂಬಿ ಮೂಲೆಗೆ ಸರಿಸಿ, ಉಳಿದ ಜಾಗವನ್ನು ದಾಸ್ತಾನಿಗೆ ಬಳಸಬಹುದು ಎಂಬುದು ಅವರ ಸಲಹೆಯಾಗಿತ್ತು. ಅವರಿಗೆ ಪುಸ್ತಕಗಳ ಮೇಲೆ ದ್ವೇಷವೇನೂ ಇರಲಿಲ್ಲ. ಬೇಸಿಗೆಯಲ್ಲಿ ಮೋಟಾರು ಸುಟ್ಟಾಗ ಜನರು ಮೊದಲು ಬಂದು ನಿಲ್ಲುವುದು ಸದಸ್ಯರ ಮನೆಯ ಬಾಗಿಲಿನಲ್ಲಿಯೇ ಅಲ್ಲವೇ?

ನಾನು ಗ್ರಂಥಾಲಯದ ಹಾಜರಿ ವಹಿಯನ್ನು ತರಿಸಿ ನೋಡಿದೆ. ದಿನಕ್ಕೆ ನಾಲ್ಕೈದು ಸಹಿಗಳು. ಅವೂ ಬಹುಮಟ್ಟಿಗೆ ವೃತ್ತಪತ್ರಿಕೆ ಓದಲು ಬರುವ ಅದೇ ಹಿರಿಯರವು. ಇಂಜಿನಿಯರಿಂಗ್ ಓದಿ ಬಂದ ನನಗೆ ಅಂಕಿಗಳ ಮೇಲೆ ಅಪಾರ ನಂಬಿಕೆ. ಸಲಹೆಗೆ ಒಪ್ಪಿಗೆ ಸೂಚಿಸುವವನೇ ಇದ್ದೆ. ಆಗ ಸಭೆಗೆ ಕರೆಸಿದ್ದ ಗ್ರಂಥಾಲಯ ಮೇಲ್ವಿಚಾರಕರು ಮೆಲ್ಲಗೆ ಒಂದು ಮಾತು ಹೇಳಿದರು: “ಸಾರ್, ಈ ವಹಿಯಲ್ಲಿ ಬಂದವರ ಹೆಸರು ಮಾತ್ರ ಇದೆ. ಬಾರದವರು ಯಾಕೆ ಬರಲಿಲ್ಲ ಅಂತ ನಾವು ಯಾರೂ ಕೇಳಿಲ್ಲ.”

ಸಭೆಯು ತೀರ್ಮಾನವನ್ನು ಎರಡು ತಿಂಗಳು ಮುಂದೂಡಿತು. ಆ ಎರಡು ತಿಂಗಳಲ್ಲಿ ನಾವು ಮಾಡಿದ್ದು, ಎಡವಿದ್ದು ಮತ್ತು ಕಲಿತದ್ದೇ ಈ ಲೇಖನದ ಆಧಾರ.

1. ಗ್ರಂಥಾಲಯ ಯಾರದು?

ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು 1965ರಲ್ಲಿ ರೂಪುಗೊಂಡಿತು. ಗ್ರಂಥಾಲಯವು ಧನಿಕರ ದಾನದಿಂದ ನಡೆಯುವ ಸಂಸ್ಥೆಯಲ್ಲ, ಸಾರ್ವಜನಿಕರ ಹಣದಿಂದ ಸಾರ್ವಜನಿಕರಿಗಾಗಿ ನಡೆಯಬೇಕಾದ ಸೇವೆ ಎಂಬ ತತ್ವವನ್ನು ಆ ಕಾಯಿದೆ ನೆಲೆಗೊಳಿಸಿತು. ಆ ತತ್ವದ ಗುರುತು ಇಂದಿಗೂ ನಮ್ಮ ತೆರಿಗೆ ರಸೀದಿಯಲ್ಲಿದೆ. ಗ್ರಾಮ ಪಂಚಾಯಿತಿ ವಿಧಿಸುವ ಮನೆ ಹಾಗೂ ನಿವೇಶನ ತೆರಿಗೆಯ ಮೇಲೆ ಶೇಕಡ 6ರಷ್ಟು ಗ್ರಂಥಾಲಯ ಉಪಕರ ಸೇರಿರುತ್ತದೆ. ಒಂದು ಪಂಚಾಯಿತಿಯಲ್ಲಿ 1,800 ಆಸ್ತಿಗಳಿದ್ದು, ಸರಾಸರಿ ತೆರಿಗೆ 500 ರೂಪಾಯಿ ಎಂದು ಭಾವಿಸೋಣ. ಒಟ್ಟು ಬೇಡಿಕೆ 9 ಲಕ್ಷ ರೂಪಾಯಿ. ಅದರ ಮೇಲಿನ ಗ್ರಂಥಾಲಯ ಉಪಕರ 54 ಸಾವಿರ ರೂಪಾಯಿ. ಅಕ್ಷರ ಬಾರದ ಅಜ್ಜಿಯೂ ತನ್ನ ಮನೆಯ ತೆರಿಗೆಯೊಡನೆ 30 ರೂಪಾಯಿಯನ್ನು ಗ್ರಂಥಾಲಯಕ್ಕೆಂದು ಕೊಡುತ್ತಾಳೆ. ಆದರೆ ತಾನು ಕೊಡುತ್ತಿರುವುದು ಆಕೆಗೆ ತಿಳಿದಿಲ್ಲ. ಪಡೆಯುವವರಾದ ನಾವು ಹೇಳಿಯೂ ಇಲ್ಲ.

2019ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹಸ್ತಾಂತರಗೊಂಡವು. ರಾಜ್ಯದಲ್ಲಿ ಇಂತಹ ಗ್ರಂಥಾಲಯಗಳ ಸಂಖ್ಯೆ 5 ಸಾವಿರಕ್ಕೂ ಅಧಿಕ. ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡುವ ಕೆಲಸ ಆರಂಭವಾಯಿತು. ತರುವಾಯ ಈ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರು ಬಂದಿತು. ಹೀಗೆ ಹೊಣೆಯೂ ಹೆಸರೂ ಬದಲಾದವು. ಆದರೆ ಊರಿನ ಬಹುಮಂದಿಯ ಮನಸ್ಸಿನಲ್ಲಿ ಅದು ಇನ್ನೂ ‘ಸರ್ಕಾರದ ಕೊಠಡಿ’ಯಾಗಿಯೇ ಉಳಿದಿದೆ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ಕಣ್ಣೆದುರಿಗೇ ಇರುವ ಸಂಸ್ಥೆಯನ್ನು ಯಾರೂ ನೋಡುವುದಿಲ್ಲ.

2. ಸಾರ್ವಜನಿಕ ಸಂಪರ್ಕವೆಂದರೆ ಪ್ರಚಾರವಲ್ಲ

ಸಾರ್ವಜನಿಕ ಸಂಪರ್ಕ ಎಂದೊಡನೆ ನಮ್ಮ ಕಣ್ಣಮುಂದೆ ಫ್ಲೆಕ್ಸ್, ಶಾಮಿಯಾನ, ಧ್ವನಿವರ್ಧಕ ಹಾಗೂ ಛಾಯಾಚಿತ್ರಗಳು ಮೂಡುತ್ತವೆ. ನಾನೂ ಮೊದಲು ಹಾಗೆಯೇ ಭಾವಿಸಿದ್ದೆ. ಎರಡು ತಿಂಗಳ ಕಾಲಾವಕಾಶ ದೊರೆತ ಕೂಡಲೇ ಒಂದು ಸಮಾರಂಭ ಏರ್ಪಡಿಸಿದೆವು. ಭಾಷಣಗಳಾದವು, ಮಕ್ಕಳಿಗೆ ಸಿಹಿ ಹಂಚಿದೆವು. ಅಂದು ಕೊಠಡಿ ಕಿಕ್ಕಿರಿದು ತುಂಬಿತ್ತು. ಮರುವಾರ ಹಾಜರಿ ವಹಿಯಲ್ಲಿ ಮತ್ತೆ ಅದೇ ನಾಲ್ಕೈದು ಸಹಿಗಳು. ಫ್ಲೆಕ್ಸ್ ಮಾತ್ರ ಗಾಳಿಗೆ ಹರಿದು ಬಹಳ ದಿನ ನೇತಾಡುತ್ತಿತ್ತು. ಆ ವೆಚ್ಚದಲ್ಲಿ ಮಕ್ಕಳಿಗೆ ಒಂದು ಕಪಾಟು ಪುಸ್ತಕ ಕೊಳ್ಳಬಹುದಿತ್ತು. ಆ ತಪ್ಪು ನನ್ನದೇ.

ಪ್ರಚಾರವು ಒಮ್ಮುಖವಾದುದು, ನಾವು ಹೇಳುತ್ತೇವೆ, ಜನರು ಕೇಳುತ್ತಾರೆ. ಸಾರ್ವಜನಿಕ ಸಂಪರ್ಕವು ಇಮ್ಮುಖವಾದುದು. ಸಂಸ್ಥೆಯಲ್ಲಿ ಏನಿದೆ ಎಂಬುದನ್ನು ಜನರಿಗೆ ತಿಳಿಸುವುದು ಅದರ ಒಂದು ಭಾಗ. ಜನರಿಗೆ ಏನು ಬೇಕು, ಅವರನ್ನು ತಡೆದಿರುವುದು ಯಾವುದು ಎಂಬುದನ್ನು ತಿಳಿದು ಸಂಸ್ಥೆಯನ್ನು ತಿದ್ದಿಕೊಳ್ಳುವುದು ಇನ್ನೊಂದು ಭಾಗ. ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಒಂದು ದಿನದ ಜಾತ್ರೆಯಾಗುತ್ತದೆ.

ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರು ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದವರು. ತಮ್ಮ ಜೀವನದ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರು. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಮೊದಲನೆಯದರ ಆಶಯವೇ ಪುಸ್ತಕವು ಕಾಪಿಡುವ ವಸ್ತುವಲ್ಲ, ಬಳಸುವ ವಸ್ತು ಎಂಬುದು. ಪ್ರತಿ ಓದುಗನಿಗೂ ಅವನ ಪುಸ್ತಕ ದೊರೆಯಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು ಎಂಬುದು ಮುಂದಿನ ಎರಡು ಸೂತ್ರಗಳ ತಾತ್ಪರ್ಯ. ಈ ಮೂರನ್ನೂ ಒಟ್ಟಿಗೆ ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬಾಗಿಲು ತೆರೆದು ಕುಳಿತರೆ ಗ್ರಂಥಾಲಯದ ಕೆಲಸ ಮುಗಿಯುವುದಿಲ್ಲ. ಪುಸ್ತಕಕ್ಕೆ ತಕ್ಕ ಓದುಗನನ್ನು ಹುಡುಕುವುದೂ ಅದರ ಕೆಲಸವೇ ಆಗಿದೆ.

3. ಬಾರದವರ ಮಾತು

ಸಮಾರಂಭ ವಿಫಲವಾದ ಬಳಿಕ ಮೇಲ್ವಿಚಾರಕರ ಮಾತನ್ನೇ ಹಿಡಿದೆವು. ಕರ ವಸೂಲಿಗಾರರು ಮನೆಮನೆಗೆ ಹೋಗುವಾಗ ಒಂದೇ ಪ್ರಶ್ನೆ ಕೇಳಬೇಕೆಂದು ಸೂಚಿಸಲಾಯಿತು: “ನಿಮ್ಮ ಮನೆಯಿಂದ ಗ್ರಂಥಾಲಯಕ್ಕೆ ಯಾರಾದರೂ ಬರುತ್ತಾರೆಯೇ? ಇಲ್ಲವಾದರೆ ಏಕೆ?” ಆಶಾ ಕಾರ್ಯಕರ್ತೆಯರೂ ಸಂಜೀವಿನಿ ಒಕ್ಕೂಟದ ಸದಸ್ಯೆಯರೂ ಇದೇ ಪ್ರಶ್ನೆಯನ್ನು ಮಹಿಳೆಯರಲ್ಲಿ ಕೇಳಿದರು. ಬಂದ ಉತ್ತರಗಳು ನಮ್ಮ ಊಹೆಗಿಂತ ಬೇರೆಯಾಗಿದ್ದವು.

ಜನರಿಗೆ ಓದುವ ಆಸಕ್ತಿಯಿಲ್ಲ, ಎಲ್ಲರೂ ಮೊಬೈಲಿಗೆ ಅಂಟಿಕೊಂಡಿದ್ದಾರೆ ಎಂಬುದು ನಮ್ಮ ಊಹೆಯಾಗಿತ್ತು. ಆದರೆ ಅನೇಕರು ಅಲ್ಲಿ ಹಣ ಕೊಡಬೇಕೆಂದು ತಿಳಿದಿದ್ದರು. ಕೆಲವರು ಅದು ಎಸ್.ಎಸ್.ಎಲ್.ಸಿ. ದಾಟಿದವರಿಗೆ ಮಾತ್ರವೆಂದು ಭಾವಿಸಿದ್ದರು. ಪುಸ್ತಕವನ್ನು ಮನೆಗೆ ಒಯ್ಯಬಹುದೆಂಬುದೇ ಬಹಳ ಮಂದಿಗೆ ಗೊತ್ತಿರಲಿಲ್ಲ. ಮಹಿಳೆಯರು ಇನ್ನೊಂದು ಸಂಗತಿ ಹೇಳಿದರು. ಗ್ರಂಥಾಲಯ ತೆರೆಯುವ ವೇಳೆ ಅಡುಗೆಯ, ಹಾಲು ಹಾಕುವ ವೇಳೆ. ಬಿಡುವಾದಾಗ ಬೀಗ ಬಿದ್ದಿರುತ್ತದೆ. ಜೊತೆಗೆ, ಮುಂಬಾಗಿಲ ಜಗಲಿಯಲ್ಲಿ ಗಂಡಸರು ಪತ್ರಿಕೆ ಹಿಡಿದು ಕುಳಿತಿರುವಾಗ ಅವರನ್ನು ದಾಟಿ ಒಳಗೆ ಹೋಗಲು ಸಂಕೋಚ. ಇದು ಹಾಜರಿ ವಹಿಯಲ್ಲಿ ಎಂದೂ ಕಾಣಿಸದ ಕಾರಣ.

ಪರಿಶಿಷ್ಟ ಜಾತಿಯ ಕಾಲೋನಿಯಲ್ಲಿ ದೊರೆತ ಉತ್ತರವನ್ನು ಇಲ್ಲಿ ಯಥಾವತ್ತಾಗಿ ದಾಖಲಿಸುವುದು ನನ್ನ ಕರ್ತವ್ಯ. ಒಬ್ಬ ತಾಯಿ ಹೇಳಿದರು: “ಬರಬೇಡಿ ಅಂತ ಯಾರೂ ಹೇಳಿಲ್ಲ ಸಾರ್. ಬನ್ನಿ ಅಂತಾನೂ ಯಾರೂ ಹೇಳಿಲ್ಲ.” ಗ್ರಂಥಾಲಯವಿದ್ದುದು ಊರಿನ ನಡುವೆ, ದೇವಸ್ಥಾನದ ಪಕ್ಕದ ಕಟ್ಟಡದಲ್ಲಿ. ಯಾವ ಫಲಕವೂ ಅವರನ್ನು ತಡೆದಿರಲಿಲ್ಲ. ಆದರೆ ತಲೆಮಾರುಗಳಿಂದ ಕರೆಯಿಲ್ಲದ ಕಡೆ ಹೋಗಬಾರದೆಂದು ಕಲಿತ ಮನಸ್ಸಿಗೆ ತೆರೆದ ಬಾಗಿಲು ಸಾಲುವುದಿಲ್ಲ. ‘ಎಲ್ಲರಿಗೂ ಸ್ವಾಗತ’ ಎಂದು ಗೋಡೆಯ ಮೇಲೆ ಬರೆದರೂ ಸಾಲುವುದಿಲ್ಲ. ಅವರ ಬೀದಿಗೆ ಹೋಗಿ, ಅವರ ಮಕ್ಕಳ ಹೆಸರು ಹಿಡಿದು ಕರೆಯಬೇಕಾಗುತ್ತದೆ.

ಆ ಕೆಲಸವನ್ನು ಮಾಡಿದವರು ಆ ವಾರ್ಡಿನ ಮಹಿಳಾ ಸದಸ್ಯರು. ಒಂದು ಶನಿವಾರ ಮಧ್ಯಾಹ್ನ ಕಾಲೋನಿಯ ಹನ್ನೊಂದು ಮಕ್ಕಳನ್ನು ತಾವೇ ಜೊತೆಯಲ್ಲಿ ಕರೆತಂದು, ಜಗಲಿಯಲ್ಲಿ ಕುಳಿತಿದ್ದವರಿಗೆ ನಮಸ್ಕರಿಸಿ ಒಳಗೆ ನಡೆದರು. ತಮ್ಮ ಹೆಸರನ್ನೂ ಸದಸ್ಯತ್ವಕ್ಕೆ ಬರೆಸಿದರು. ಮರುವಾರವೂ ಬಂದರು. ನಾಲ್ಕನೆಯ ವಾರ ಮಕ್ಕಳು ತಾವಾಗಿಯೇ ಬಂದರು. ನಮ್ಮ ಸಮಾರಂಭದ ಎಲ್ಲ ಭಾಷಣಗಳಿಗಿಂತ ಆ ನಡಿಗೆ ಹೆಚ್ಚು ಕೆಲಸ ಮಾಡಿತು. ಚುನಾಯಿತ ಸದಸ್ಯರ ಹೆಜ್ಜೆಗೆ ಇರುವ ಬಲ ಅಧಿಕಾರಿಯ ಸುತ್ತೋಲೆಗೆ ಇಲ್ಲವೆಂಬುದನ್ನು ನಾನು ಅಂದು ಅರಿತೆ.

4. ಕರೆಯುವ ಮೊದಲು ಮನೆ ಸಿದ್ಧವಾಗಿರಲಿ

ಅತಿಥಿಯನ್ನು ಊಟಕ್ಕೆ ಕರೆದು ಒಲೆ ಹಚ್ಚದಿದ್ದರೆ ಹೇಗೆ? ಇಂತಹ ತಪ್ಪೂ ನಮ್ಮಿಂದ ಆಯಿತು. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಲಭ್ಯವೆಂದು ವಾಟ್ಸ್ಆಪ್ ಗುಂಪುಗಳಲ್ಲಿ ಸಂದೇಶ ಕಳುಹಿಸಿದೆವು. ಪೊಲೀಸ್ ನೇಮಕಾತಿಗೆ ಸಿದ್ಧತೆ ನಡೆಸುತ್ತಿದ್ದ ಯುವಕನೊಬ್ಬ ದೂರದ ಹಳ್ಳಿಯಿಂದ ಬಂದ. ಕಪಾಟಿನಲ್ಲಿದ್ದ ಪ್ರಚಲಿತ ವಿದ್ಯಮಾನಗಳ ಪುಸ್ತಕ ಹಲವು ವರ್ಷ ಹಳೆಯದಾಗಿತ್ತು. ಅವನು ಏನೂ ಹೇಳದೆ ಪುಸ್ತಕವನ್ನು ಇದ್ದಲ್ಲಿಯೇ ಇಟ್ಟು ಹೋದ, ಮತ್ತೆ ಬರಲಿಲ್ಲ. ಬಾರದೆ ಇದ್ದವನನ್ನು ಮುಂದೆಂದಾದರೂ ಕರೆಯಬಹುದು. ಬಂದು ನಿರಾಶನಾಗಿ ಹೋದವನನ್ನು ಮರಳಿ ಕರೆಯುವುದು ಬಹಳ ಕಷ್ಟ.

ಆದುದರಿಂದ ಕರೆ ನೀಡುವ ಮೊದಲು ನಾಲ್ಕು ಅಂಶಗಳನ್ನು ಪರಿಶೀಲಿಸುವುದು ಒಳಿತು. ಫಲಕದಲ್ಲಿ ಬರೆದಿರುವ ವೇಳೆಯಲ್ಲಿ ಬಾಗಿಲು ನಿಜವಾಗಿ ತೆರೆದಿರುತ್ತದೆಯೇ? ಕುಡಿಯುವ ನೀರು, ದೀಪ, ಫ್ಯಾನು ಹಾಗೂ ಸಮೀಪದಲ್ಲಿ ಶೌಚಾಲಯದ ಅನುಕೂಲ ಇದೆಯೇ? ಮಕ್ಕಳ ಪುಸ್ತಕಗಳು ಬೀಗ ಹಾಕಿದ ಬೀರುವಿನಲ್ಲಿವೆಯೇ, ಮಕ್ಕಳ ಕೈಗೆಟುಕುವ ಎತ್ತರದಲ್ಲಿವೆಯೇ? ಕಂಪ್ಯೂಟರ್ ಒದಗಿಸಿದ್ದರೆ ಅದಕ್ಕೆ ವಿದ್ಯುತ್ ಮತ್ತು ಅಂತರ್ಜಾಲ ಸಂಪರ್ಕ ಇದೆಯೇ? ಪುಸ್ತಕ ಹರಿದೀತೆಂಬ ಭಯದಿಂದ ಬೀಗ ಹಾಕುವವರುಂಟು. ಆದರೆ ಓದಿ ಹರಿದ ಪುಸ್ತಕಕ್ಕಿಂತ ಗೆದ್ದಲು ತಿಂದ ಪುಸ್ತಕ ದೊಡ್ಡ ನಷ್ಟ. ಬಳಕೆಯಿಂದ ಸವೆದ ಪುಸ್ತಕಕ್ಕೆ ಮೇಲ್ವಿಚಾರಕರನ್ನು ಹೊಣೆ ಮಾಡುವುದಿಲ್ಲವೆಂದು ಪಂಚಾಯಿತಿ ಧೈರ್ಯ ಹೇಳಿದರೆ ಬೀಗಗಳು ತಾವಾಗಿಯೇ ತೆರೆಯುತ್ತವೆ.

ಮೇಲ್ವಿಚಾರಕರ ವಿಷಯದಲ್ಲಿ ಇನ್ನೊಂದು ಮಾತು. ಹೊರಗಿನಿಂದ ಬಂದವರಿಗೆ ಗ್ರಂಥಾಲಯವೆಂದರೆ ಮೇಲ್ವಿಚಾರಕರ ಮುಖವೇ. ಅವರನ್ನು ಸಭೆಗೆ ಕರೆದು ಕುರ್ಚಿ ಕೊಟ್ಟು ಮಾತನಾಡಿಸುವ ಪಂಚಾಯಿತಿಯಲ್ಲಿ ಅವರು ಓದುಗರನ್ನೂ ಹಾಗೆಯೇ ಮಾತನಾಡಿಸುತ್ತಾರೆ. ಅವರ ವೇತನ ಸಕಾಲದಲ್ಲಿ ಪಾವತಿಯಾಗುವಂತೆ ನೋಡಿಕೊಳ್ಳುವುದು, ಗ್ರಂಥಾಲಯದ ವೇಳೆಯಲ್ಲಿ ಅವರನ್ನು ಬೇರೆ ಕೆಲಸಗಳಿಗೆ ಎಳೆಯದಿರುವುದು ಕೂಡ ಸಾರ್ವಜನಿಕ ಸಂಪರ್ಕದ ಭಾಗವೇ.

5. ಊರಿನ ಮಾಧ್ಯಮಗಳನ್ನೇ ಬಳಸಿರಿ

ಜನರು ದಿನವೂ ಸೇರುವ ಸ್ಥಳಗಳೇ ನಮ್ಮ ಉತ್ತಮ ಮಾಧ್ಯಮಗಳು. ಅವುಗಳಿಗೆ ಪ್ರತ್ಯೇಕ ವೆಚ್ಚವಿಲ್ಲ.

ಹಾಲು ಉತ್ಪಾದಕರ ಸಹಕಾರ ಸಂಘ: ಬೆಳಿಗ್ಗೆ ಮತ್ತು ಸಂಜೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರಿಗೆ ಒಂದು ಚೀಟಿ ಓದಲು ಸಮಯವಿರುತ್ತದೆ. ಹೈನುಗಾರಿಕೆ, ಕಾಲುಬಾಯಿ ಜ್ವರ, ಮೇವಿನ ಬೆಳೆ ಕುರಿತ ಪುಸ್ತಕಗಳ ಪಟ್ಟಿಯನ್ನು ಅಲ್ಲಿ ಅಂಟಿಸಬೇಕು. ‘ಗ್ರಂಥಾಲಯಕ್ಕೆ ಬನ್ನಿ’ ಎಂಬುದಕ್ಕಿಂತ ‘ಹಸುವಿನ ಕೆಚ್ಚಲು ಬಾವಿನ ಕುರಿತ ಪುಸ್ತಕ ಬಂದಿದೆ’ ಎಂಬ ಸೂಚನೆ ಹೆಚ್ಚು ಪರಿಣಾಮಕಾರಿ.

ಸ್ವಚ್ಛ ವಾಹಿನಿ: ಕಸ ಸಂಗ್ರಹಿಸುವ ವಾಹನವು ಪ್ರತಿ ಬೀದಿಗೂ ಹೋಗುತ್ತದೆ. ಅದರ ಧ್ವನಿವರ್ಧಕದಲ್ಲಿ ವಾರಕ್ಕೊಮ್ಮೆ ಅರ್ಧ ನಿಮಿಷದ ಪ್ರಕಟಣೆ ಸಾಕು. ಪ್ರಕಟಣೆಯನ್ನು ಊರಿನ ಮಗುವೊಂದರ ಧ್ವನಿಯಲ್ಲಿ ಮುದ್ರಿಸಿದರೆ ಎಲ್ಲರೂ ಕಿವಿಗೊಡುತ್ತಾರೆ.

ಶಾಲೆ ಮತ್ತು ಅಂಗನವಾಡಿ: ಮುಖ್ಯೋಪಾಧ್ಯಾಯರೊಡನೆ ಮಾತನಾಡಿ ತರಗತಿಗೊಂದರಂತೆ ವಾರದ ಗ್ರಂಥಾಲಯ ಅವಧಿಯನ್ನು ನಿಗದಿಗೊಳಿಸಿರಿ. ಮಗು ಮನೆಗೆ ಒಯ್ಯುವ ಪುಸ್ತಕವನ್ನು ತಾಯಿಯೂ ನೋಡುತ್ತಾಳೆ, ಅಜ್ಜನೂ ಓದಿಸಿಕೊಳ್ಳುತ್ತಾನೆ.

ತೆರಿಗೆ ಬೇಡಿಕೆ ನೋಟಿಸು: ‘ನಿಮ್ಮ ತೆರಿಗೆಯ ಒಂದು ಪಾಲು ಗ್ರಂಥಾಲಯಕ್ಕೆ ಸಲ್ಲುತ್ತದೆ, ಅದನ್ನು ಬಳಸುವುದು ನಿಮ್ಮ ಹಕ್ಕು’ ಎಂಬ ಮೊಹರನ್ನು ನೋಟಿಸಿನ ಮೇಲೆ ಒತ್ತಬಹುದು. ತೆರಿಗೆ ವಸೂಲಿಗೂ ಇದು ನೆರವಾಗುತ್ತದೆ. ಕೊಟ್ಟ ಹಣ ಎಲ್ಲಿ ಹೋಗುತ್ತದೆಂದು ತಿಳಿದವರು ಕೊಡಲು ಹಿಂಜರಿಯುವುದು ಕಡಿಮೆ.

ವಾಟ್ಸ್ಆಪ್ ಗುಂಪು: ದಿನಕ್ಕೊಂದು ಶುಭೋದಯ ಸಂದೇಶ ಕಳುಹಿಸಿದರೆ ಯಾರೂ ಓದುವುದಿಲ್ಲ. ವಾರಕ್ಕೆ ಒಂದು ಪುಸ್ತಕದ ಮುಖಪುಟ, ಅದನ್ನು ಓದಿದ ಊರಿನವರೊಬ್ಬರ ಎರಡು ವಾಕ್ಯದ ಅಭಿಪ್ರಾಯ ಸಾಕು. ಮಕ್ಕಳ ಛಾಯಾಚಿತ್ರ ಹಾಕುವಾಗ ಪೋಷಕರ ಒಪ್ಪಿಗೆ ಪಡೆಯಬೇಕು.

ವರ್ಷದ ಕೆಲವು ದಿನಗಳೂ ನಮಗೆ ಅನುಕೂಲಕರ. ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ನಡೆಯುತ್ತದೆ. ಮಕ್ಕಳ ಗ್ರಾಮ ಸಭೆಯನ್ನು ಆ ವೇಳೆಗೆ ಗ್ರಂಥಾಲಯದ ಅಂಗಳದಲ್ಲಿಯೇ ಏರ್ಪಡಿಸಿದರೆ ಎರಡೂ ಕಾರ್ಯ ಒಟ್ಟಿಗೆ ಆಗುತ್ತವೆ. ಆದರೆ ನೆನಪಿರಲಿ: ಸಪ್ತಾಹದ ಏಳು ದಿನಗಳಿಗಿಂತ ಉಳಿದ ದಿನಗಳು ಮುಖ್ಯ.

6. ಪುಸ್ತಕವೇ ಓದುಗರ ಬಳಿಗೆ

ಒಂದು ಪಂಚಾಯಿತಿಗೆ ಹಲವು ಹಳ್ಳಿಗಳು ಸೇರಿರುತ್ತವೆ. ಗ್ರಂಥಾಲಯ ಮಾತ್ರ ಬಹುತೇಕ ಕೇಂದ್ರ ಗ್ರಾಮದಲ್ಲಿರುತ್ತದೆ. ಮೂರು ನಾಲ್ಕು ಕಿಲೋಮೀಟರ್ ದೂರದ ಹಳ್ಳಿಯ ಹುಡುಗಿ ಸಂಜೆ ನಡೆದು ಬರಲಾರಳು. ಈ ತೊಡಕಿಗೆ ಹಿಂದಿನವರು ದಾರಿ ತೋರಿಸಿದ್ದಾರೆ. 1931ರಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯಲ್ಲಿ ಪುಸ್ತಕಗಳನ್ನು ಹೇರಿ ಸುತ್ತಲಿನ ಹಳ್ಳಿಗಳಿಗೆ ಒಯ್ಯುವ ಸಂಚಾರಿ ಗ್ರಂಥಾಲಯ ಆರಂಭವಾಯಿತು. ಅದಕ್ಕೂ ಮೊದಲು ಬರೋಡಾ ಸಂಸ್ಥಾನದಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ ಪುಸ್ತಕದ ಪೆಟ್ಟಿಗೆಗಳನ್ನು ಹಳ್ಳಿಗಳಿಗೆ ಕಳುಹಿಸುವ ಪದ್ಧತಿ ಇತ್ತು. ಕೇರಳದಲ್ಲಿ 1945ರಲ್ಲಿ ಗ್ರಂಥಾಲಯಗಳ ಒಕ್ಕೂಟವನ್ನು ಕಟ್ಟಿದ ಪಿ.ಎನ್. ಪಣಿಕ್ಕರ್ ಅವರು ಹಳ್ಳಿಹಳ್ಳಿ ಸುತ್ತಿ ಜನರನ್ನು ಓದಿಗೆ ಕರೆದವರು. ಅವರು ನಿಧನರಾದ ಜೂನ್ 19ನ್ನು ಇಂದು ಓದುವ ದಿನವಾಗಿ ಆಚರಿಸಲಾಗುತ್ತದೆ.

ನಮ್ಮಲ್ಲಿ ಎತ್ತಿನ ಗಾಡಿಯ ಅಗತ್ಯವೂ ಬೀಳಲಿಲ್ಲ. ತಗಡಿನ ಒಂದು ಪೆಟ್ಟಿಗೆಯಲ್ಲಿ 40 ಪುಸ್ತಕಗಳನ್ನು ಇರಿಸಿ ದೂರದ ಹಳ್ಳಿಯ ಸ್ವಸಹಾಯ ಸಂಘದ ಪ್ರತಿನಿಧಿಯ ಮನೆಯಲ್ಲಿ ಇಟ್ಟೆವು. ಸಂಘದ ವಾರದ ಸಭೆಯ ದಿನವೇ ಪುಸ್ತಕ ಕೊಡುವ, ಹಿಂಪಡೆಯುವ ದಿನ. ತಿಂಗಳಿಗೊಮ್ಮೆ ಪೆಟ್ಟಿಗೆ ಬದಲಾಗುತ್ತದೆ. ಎರಡು ಪುಸ್ತಕ ಕಳೆದವು. ಆ ನಷ್ಟವನ್ನು ಪಂಚಾಯಿತಿ ಒಪ್ಪಿಕೊಂಡಿತು. ಜಗಲಿ ದಾಟಲು ಸಂಕೋಚಪಡುತ್ತಿದ್ದ ಮಹಿಳೆಯರಿಗೆ ಈ ಪೆಟ್ಟಿಗೆಯೇ ಮೊದಲ ಗ್ರಂಥಾಲಯವಾಯಿತು. ಕೇಂದ್ರ ಗ್ರಾಮದಲ್ಲಿ ವಾರಕ್ಕೆರಡು ಮಧ್ಯಾಹ್ನಗಳನ್ನು ಮಹಿಳೆಯರಿಗಾಗಿ ಮೀಸಲಿಟ್ಟು ವೇಳೆಯನ್ನೂ ಬದಲಾಯಿಸಿದೆವು.

7. ಲೆಕ್ಕ ಒಪ್ಪಿಸುವುದೇ ದೊಡ್ಡ ಸಂಪರ್ಕ

ಜನರ ವಿಶ್ವಾಸವು ಮಾತಿನಿಂದ ಹುಟ್ಟಿ ಲೆಕ್ಕದಿಂದ ಉಳಿಯುತ್ತದೆ. ಪ್ರತಿ ಗ್ರಾಮ ಸಭೆಯಲ್ಲಿ ಒಂದು ಪುಟದ ಗ್ರಂಥಾಲಯ ವರದಿಯನ್ನು ಓದುವ ಪದ್ಧತಿ ಇರಲಿ. ಸಂಗ್ರಹವಾದ ಉಪಕರ ಎಷ್ಟು, ವೆಚ್ಚವೆಷ್ಟು, ಕೊಂಡ ಪುಸ್ತಕಗಳೆಷ್ಟು, ಮನೆಗೆ ಒಯ್ದ ಪುಸ್ತಕಗಳೆಷ್ಟು, ಯಾವ ಹಳ್ಳಿ ಮತ್ತು ಯಾವ ವಾರ್ಡಿನಿಂದ ಎಷ್ಟು ಸದಸ್ಯರು, ಅವರಲ್ಲಿ ಮಹಿಳೆಯರೆಷ್ಟು ಎಂಬ ವಿವರಗಳು ಅದರಲ್ಲಿರಬೇಕು. ವಾರ್ಡುವಾರು ಅಂಕಿ ಅತ್ಯಗತ್ಯ. ಒಟ್ಟು ಸಂಖ್ಯೆ ಚೆನ್ನಾಗಿದ್ದರೂ ಒಂದು ವಾರ್ಡಿನ ಮುಂದೆ ಸೊನ್ನೆ ಇದ್ದರೆ ಅಲ್ಲಿ ‘ಬನ್ನಿ’ ಎಂದು ಯಾರೂ ಹೇಳಿಲ್ಲವೆಂದೇ ಅರ್ಥ. ಅಂಕಿಗಳನ್ನು ನಾನು ಇಂದಿಗೂ ನಂಬುತ್ತೇನೆ. ಆದರೆ ಸೊನ್ನೆಯನ್ನು ಓದುವ ಕ್ರಮವನ್ನು ಮೇಲ್ವಿಚಾರಕರಿಂದ ಕಲಿತೆ.

ಎರಡು ತಿಂಗಳ ನಂತರದ ಸಾಮಾನ್ಯ ಸಭೆಯಲ್ಲಿ ಆ ವಿಷಯ ಮತ್ತೆ ಬಂದಿತು. ಹಾಜರಿ ಅದ್ಭುತವೆನ್ನುವಷ್ಟು ಏರಿರಲಿಲ್ಲ. ಆದರೆ ಸಂಜೆ ವೇಳೆ ಕೊಠಡಿಯಲ್ಲಿ ಮಕ್ಕಳಿರುತ್ತಿದ್ದರು, ಪೆಟ್ಟಿಗೆಯ ಪುಸ್ತಕಗಳು ಕೈ ಬದಲಾಗುತ್ತಿದ್ದವು. ಸಲಹೆ ಮಂಡಿಸಿದ್ದ ಸದಸ್ಯರೇ ಎದ್ದು ನಿಂತು ಅದನ್ನು ಹಿಂಪಡೆದರು. ಮೋಟಾರುಗಳಿಗೆ ಕಚೇರಿಯ ಹಿಂಬದಿಯಲ್ಲಿ ತಗಡಿನ ಛಾವಣಿಯ ಕೊಠಡಿ ನಿರ್ಮಿಸಲು ತೀರ್ಮಾನವಾಯಿತು. ಅವರು ಒಂದು ಷರತ್ತು ಹಾಕಿದರು: ತೋಟಗಾರಿಕೆಯ ಮಾಸಪತ್ರಿಕೆಯೊಂದನ್ನು ತರಿಸಬೇಕು. ತರಿಸಿದೆವು. ಅದನ್ನು ಮೊದಲು ಓದಿದವರೂ ಅವರೇ.

8. ಸದಸ್ಯರು ಈ ತಿಂಗಳಲ್ಲಿಯೇ ಮಾಡಬಹುದಾದ ಕಾರ್ಯಗಳು

(1) ತಾವು ಸ್ವತಃ ಗ್ರಂಥಾಲಯದ ಸದಸ್ಯರಾಗುವುದು; ತಿಂಗಳಿಗೆ ಒಂದು ಪುಸ್ತಕವನ್ನಾದರೂ ಮನೆಗೆ ಒಯ್ಯುವುದು.

(2) ತಮ್ಮ ವಾರ್ಡಿನಲ್ಲಿ ಗ್ರಂಥಾಲಯಕ್ಕೆ ಬಾರದ ಹತ್ತು ಮನೆಗಳಿಗೆ ಭೇಟಿ ನೀಡಿ ಕಾರಣ ಕೇಳುವುದು, ವಾದಿಸದೆ ಬರೆದುಕೊಳ್ಳುವುದು.

(3) ಒಮ್ಮೆಯಾದರೂ ಮಕ್ಕಳನ್ನು ಜೊತೆಯಲ್ಲಿ ಗ್ರಂಥಾಲಯಕ್ಕೆ ಕರೆದೊಯ್ಯುವುದು.

(4) ಗ್ರಂಥಾಲಯ ಉಪಕರದ ಬೇಡಿಕೆ, ವಸೂಲಿ, ವೆಚ್ಚದ ವಿವರವನ್ನು ಸಾಮಾನ್ಯ ಸಭೆಯಲ್ಲಿ ಕೇಳುವುದು.

(5) ತೆರೆಯುವ ವೇಳೆಯನ್ನು ಮಹಿಳೆಯರ ಮತ್ತು ವಿದ್ಯಾರ್ಥಿಗಳ ಬಿಡುವಿಗೆ ಹೊಂದಿಸುವ ಕುರಿತು ನಿಯಮಗಳ ಮಿತಿಯಲ್ಲಿ ಚರ್ಚಿಸುವುದು.

(6) ಸಭೆ ಸಮಾರಂಭಗಳಲ್ಲಿ ಹಾರ, ಶಾಲುಗಳಿಗೆ ಬದಲಾಗಿ ಗ್ರಂಥಾಲಯಕ್ಕೆ ಪುಸ್ತಕ ನೀಡುವಂತೆ ಕೋರುವುದು.

ಚರ್ಚೆಗಾಗಿ ಪ್ರಶ್ನೆಗಳು

ಅ) ನಮ್ಮ ಪಂಚಾಯಿತಿಯ ಯಾವ ವಾರ್ಡು ಅಥವಾ ಹಳ್ಳಿಯಿಂದ ಗ್ರಂಥಾಲಯಕ್ಕೆ ಒಬ್ಬ ಸದಸ್ಯರೂ ಇಲ್ಲ? ಏಕೆ?

ಆ) ಕಳೆದ ಸಾಲಿನಲ್ಲಿ ಗ್ರಂಥಾಲಯ ಉಪಕರವಾಗಿ ನಾವು ಸಂಗ್ರಹಿಸಿದ ಮೊತ್ತ ಎಷ್ಟು? ಅದನ್ನು ಗ್ರಾಮಸ್ಥರಿಗೆ ತಿಳಿಸಿದ್ದೇವೆಯೇ?

ಇ) ನಮ್ಮ ಗ್ರಂಥಾಲಯದ ಬಾಗಿಲಿನಲ್ಲಿ ಒಬ್ಬ ಹುಡುಗಿ ಅಥವಾ ಒಬ್ಬ ವೃದ್ಧರು ಬಂದು ನಿಂತರೆ ಅವರನ್ನು ತಡೆಯುವ, ಹಾಜರಿ ವಹಿಗೆ ಕಾಣದ ಅಡ್ಡಿಗಳು ಯಾವುವು?

ಮಾನ್ಯರೇ, ರಸ್ತೆ, ಚರಂಡಿ, ನೀರಿನ ಟ್ಯಾಂಕುಗಳನ್ನು ಕಟ್ಟಿದ ಮೇಲೆ ಜನರು ತಾವಾಗಿಯೇ ಬಳಸುತ್ತಾರೆ. ಗ್ರಂಥಾಲಯವು ಹಾಗಲ್ಲ, ಕಟ್ಟಿದ ಮೇಲೆ ಕರೆಯಬೇಕು, ಕರೆದ ಮೇಲೆ ಉಪಚರಿಸಬೇಕು. ಓದುಗರಿಲ್ಲದ ಗ್ರಂಥಾಲಯಕ್ಕೆ ಅನುದಾನ ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ, ಅನುದಾನವಿಲ್ಲದ ಗ್ರಂಥಾಲಯಕ್ಕೆ ಓದುಗರು ಬರುವುದಿಲ್ಲ. ಈ ಸುತ್ತನ್ನು ಮುರಿಯಲು ದೊಡ್ಡ ಹಣ ಬೇಕಿಲ್ಲ. ತಮ್ಮ ವಾರ್ಡಿನ ಒಂದು ಮನೆಯ ಮುಂದೆ ನಿಂತು ತಾವು ಹೇಳುವ ‘ಬನ್ನಿ’ ಎಂಬ ಒಂದು ಮಾತಿನಿಂದ ಅದು ಮುರಿಯಲು ಆರಂಭವಾಗುತ್ತದೆ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಗ್ರಂಥಾಲಯಕ್ಕೆ ಒಂದು ವಿಷಯ ಸಂಖ್ಯೆ ಇರಲಿ ಎಂದು ವಿನಂತಿಸುತ್ತೇನೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ